ಜೈಲಿನ ಗೇಟು ದಾಟಿದ ಮೇಲೆ ಮಾತ್ರೆ ಯಾರು ಕೊಡ್ತಾರೆ?

ಶ್ರವಣಬೆಳಗೊಳಕ್ಕೆ ಹೋದಾಗ ನಮ್ಮಲ್ಲಿ ಕೆಲವರಾದ್ರೂ ಪಕ್ಕದ ಜಿನನಾಥಪುರದ ಶಾಂತಿನಾಥ ಬಸದಿ ನೋಡಿರ್ತೀವಿ. ಅಂಥ ಊರಿಗೆ ಒಬ್ಬ ಜೈಲಿಂದ ವಾಪಸ್ ಬಂದ ಅಂದ್ಕೊಳ್ಳಿ. ಒಳಗಿದ್ದಾಗ ಕ್ಷಯಕ್ಕೆ ಮಾತ್ರೆ ಶುರುವಾಗಿತ್ತು. ಸಂಜೆ ಜಾಮೀನು ಸಿಕ್ತು, ಹೊರಟು ಬಂದ. ನಾಳೆಯ ಮಾತ್ರೆ?

ಸಾಮಾನ್ಯ ಕ್ಷಯಕ್ಕೂ ಆರು ತಿಂಗಳ ಚಿಕಿತ್ಸೆ ಬೇಕು. ನಡುವೆ ಬಿಟ್ಟರೆ ರೋಗ ಔಷಧಿಗೇ ಬಗ್ಗದಂತಾಗಬಹುದು. ನಿಕ್ಷಯ್ ಐಡಿ ಇದ್ದರೆ ಬೇರೆ ಊರಿನ ಸರ್ಕಾರಿ ಆಸ್ಪತ್ರೆಯಲ್ಲೂ ಚಿಕಿತ್ಸೆ ಮುಂದುವರಿಸಬಹುದು. ಅಂದ್ರೆ ಸಾಫ್ಟ್‌ವೇರ್ ಇದೆ. ಆದ್ರೆ ಊರಲ್ಲಿ ಮುಖ ತೋರಿಸೋಕೇ ಹಿಂಜರಿಯೋನನ್ನ ಆಸ್ಪತ್ರೆಗೆ ಕರ್ಕೊಂಡು ಹೋಗೋಕೆ ಮನುಷ್ಯರೇ ಬೇಕು.

ಸ್ಯಾನ್ ಫ್ರಾನ್ಸಿಸ್ಕೋದಲ್ಲಿ 2006ರಲ್ಲಿ ಶುರುವಾದ ಟ್ರಾನ್ಸಿಷನ್ಸ್ ಕ್ಲಿನಿಕ್, ಜೈಲು ಕಂಡು ಬಂದವರನ್ನೇ ಆರೋಗ್ಯ ಕಾರ್ಯಕರ್ತರನ್ನಾಗಿ ತಗೊಂಡಿತು. ಆ ಹಿಂಜರಿಕೆ ಅವರಿಗೆ ಗೊತ್ತು. ನಮ್ಮ ಹಳ್ಳಿಗಳಲ್ಲಿ ಸುಮಾರು ಸಾವಿರ ಜನಕ್ಕೊಬ್ಬ ಆಶಾ ಕಾರ್ಯಕರ್ತೆ ಇದ್ದಾರೆ. ಬಿಡುಗಡೆಯ ದಿನವೇ ಕೆಲವು ದಿನದ ಮಾತ್ರೆ, ಚಿಕಿತ್ಸೆಯ ಚೀಟಿ, ಆತ ಒಪ್ಪಿದರೆ ಊರಿನ ಪಿಎಚ್‌ಸಿಗೆ ಒಂದು ಫೋನ್ ಕಾಲ್ – ಇಷ್ಟನ್ನ ನಿಯಮ ಮಾಡೋದು ಕಷ್ಟವಲ್ಲ. ಆದ್ರೆ ಇದನ್ನೂ ಆಶಾಗಳ ತಲೆಗೆ ಪುಕ್ಕಟೆಯಾಗಿ ಕಟ್ಟಬಾರದು. ತಿಂಗಳ ಸಂಬಳವಿಲ್ಲದೆ ಪ್ರೋತ್ಸಾಹಧನ, ಗೌರವಧನದಲ್ಲೇ ದುಡಿಯೋರು ಅವರು. ಹೊಸ ಕೆಲಸಕ್ಕೆ ಹೊಸ ದುಡ್ಡು ಕೊಡಬೇಕು.

'ಅಪರಾಧಿಗೆ ಇಷ್ಟೆಲ್ಲ ಯಾಕೆ?' ಅಂತ ಹಾಸ್ಟೆಲ್‌ನಲ್ಲಿ ಕೇಳೋರಿದ್ದಾರೆ. 2022ರ ಸರ್ಕಾರಿ ಲೆಕ್ಕದಲ್ಲಿ ದೇಶದ ಕೈದಿಗಳ ಪೈಕಿ ಶೇ. 75ಕ್ಕೂ ಹೆಚ್ಚು ಮಂದಿ ವಿಚಾರಣಾಧೀನರು. ಅವರ ತಪ್ಪು ಇನ್ನೂ ಸಾಬೀತಾಗಿಲ್ಲ. ಸಾಬೀತಾದವರಿಗೂ ಕೋರ್ಟು ಕೊಟ್ಟಿದ್ದು ಜೈಲುವಾಸ; ಕಾಯಿಲೆಯನ್ನಲ್ಲ.