ಕಾಲುವೆಯೊಳಗಿನ ಸುಣ್ಣ

ಕ್ರಿ.ಶ. 97ರಲ್ಲಿ ರೋಮ್ ನಗರದ ನೀರಿನ ಉಸ್ತುವಾರಿ ಸೆಕ್ಸ್ಟಸ್ ಜೂಲಿಯಸ್ ಫ್ರಾಂಟಿನಸ್ ಎಂಬವನ ಕೈಗೆ ಬಂತು. ಬ್ರಿಟನ್ನಿನಲ್ಲಿ ಗವರ್ನರ್ ಆಗಿದ್ದು ಯುದ್ಧ ಮಾಡಿದವನು, ಒಮ್ಮೆ ಕಾನ್ಸುಲ್ ಪದವಿಯನ್ನೂ ಕಂಡವನು. ಹೊಸ ಕಚೇರಿಯ ಹಳೆಯ ಲೆಕ್ಕದ ಪುಸ್ತಕ ತೆರೆದರೆ, ನಗರಕ್ಕೆ ಬರುವ ನೀರು 12,755 ಕ್ವಿನಾರಿಯಾ ಎಂದಿತ್ತು. ಹಂಚಿಕೆಯಾದ ನೀರು 14,018 ಎಂದಿತ್ತು. ಜಮೆಗಿಂತ ಖರ್ಚು 1,263 ಹೆಚ್ಚು. ಕ್ವಿನಾರಿಯಾ ಎಂದರೆ ಒಂದೂಕಾಲು ಬೆರಳು ವ್ಯಾಸದ ಕೊಳವೆಯ ಅಳತೆ. ಇಲ್ಲದ ನೀರನ್ನು ಹಂಚುವುದು ಹೇಗೆ? ಫ್ರಾಂಟಿನಸ್ ಕಾಲುವೆಗಳ ಮೂಲದಲ್ಲೇ ಅಳತೆ ತೆಗೆದ. ಅಲ್ಲಿ ಪುಸ್ತಕದಲ್ಲಿ ಬರೆದಿದ್ದಕ್ಕಿಂತ ಎಷ್ಟೋ ಹೆಚ್ಚು ನೀರು ಹರಿಯುತ್ತಿತ್ತು. ನಡುದಾರಿಯಲ್ಲಿ ಅದು ಕಳುವಾಗುತ್ತಿತ್ತು.

ಕಳುವಿನ ಬಗೆಗಳನ್ನು ಅವನು ತನ್ನ ಪುಸ್ತಕದಲ್ಲಿ ಒಂದೊಂದಾಗಿ ಬರೆದಿಟ್ಟಿದ್ದಾನೆ. ನೀರಿನ ಹಕ್ಕು ಪಡೆದವನಿಗೆ ತೊಟ್ಟಿಯ ಗೋಡೆಯಲ್ಲಿ ಕಂಚಿನ ಒಂದು ಮೂತಿ ಕೂರಿಸುತ್ತಿದ್ದರು. ಹನ್ನೆರಡು ಬೆರಳು ಉದ್ದ, ಮೇಲೆ ಸರ್ಕಾರದ ಮುದ್ರೆ. ಕೊಳವೆಯ ಸೀಸ ಮೆದು, ಬಡಿದರೆ ಹಿಗ್ಗುತ್ತದೆ. ಕಂಚು ಹಿಗ್ಗುವುದಿಲ್ಲ ಎಂದೇ ಕಂಚು. ನೀರು ಬಿಡುವ ಆಳುಗಳು ಅದಕ್ಕೂ ಉಪಾಯ ಕಂಡುಕೊಂಡಿದ್ದರು. ಮೂತಿ ಸರಿಯಾದ ಅಳತೆಯದೇ, ಅದಕ್ಕೆ ಜೋಡಿಸಿದ ಕೊಳವೆ ಮಾತ್ರ ದಪ್ಪ. ಹಕ್ಕು ಹೊಸಬನಿಗೆ ಹೋದಾಗ ಹೊಸ ತೂತು ಕೊರೆದು ಹಳೆಯದನ್ನು ಮುಚ್ಚದೆ ಬಿಟ್ಟು, ಅದರಲ್ಲಿ ಬಂದ ನೀರನ್ನು ಮಾರಿಕೊಳ್ಳುತ್ತಿದ್ದರು. ಬೀದಿಯ ಕಲ್ಲುಹಾಸಿನ ಕೆಳಗೆ ಕಳ್ಳ ಕೊಳವೆಗಳು ಹರಿದಾಡಿದ್ದವು. ಎಷ್ಟು ನೀರು ಉಳಿಯಿತು ಎಂಬುದನ್ನು ಅಗೆದು ತೆಗೆದ ಸೀಸದ ರಾಶಿಯಿಂದಲೇ ತಿಳಿಯಬಹುದಿತ್ತಂತೆ.

ರೋಮ್ ಎಂದಕೂಡಲೇ ನಮಗೆ ನೆನಪಾಗುವುದು ಸೀಸರ್, ಕೊಲೊಸಿಯಂ, ಸೈನ್ಯದ ದಂಡಯಾತ್ರೆ. ಕೊನೆ ಯಾವಾಗ ಎಂದರೆ 476 ಎಂದು ಶಾಲೆಯಲ್ಲಿ ಬಾಯಿಪಾಠ ಮಾಡಿದ್ದೇವೆ. ಆ ವರ್ಷ ಒಡೊವಾಕರ್ ಎಂಬ ದಂಡನಾಯಕ ರೊಮುಲಸ್ ಅಗಸ್ಟುಲಸ್ ಎಂಬ ಹುಡುಗನನ್ನು ಪಟ್ಟದಿಂದ ಇಳಿಸಿದ. ಸಿಂಹಾಸನ ಖಾಲಿಯಾದರೆ ನಾಗರಿಕತೆ ಮುಗಿಯಿತು ಎಂಬ ಈ ಲೆಕ್ಕವನ್ನು ನಾನು ಒಪ್ಪುವುದಿಲ್ಲ. ಒಂದು ನಾಗರಿಕತೆಗೆ ಜೀವ ಇದೆಯೋ ಇಲ್ಲವೋ ಎಂದು ತಿಳಿಯಬೇಕಾದರೆ ಅದು ಏನು ಕಟ್ಟಿತು, ಯಾರು ಆಳಿದರು ಎಂದು ಕೇಳುವುದಕ್ಕಿಂತ, ಕೆಟ್ಟದ್ದನ್ನು ಸರಿಮಾಡಲು ಯಾರಾದರೂ ಬರುತ್ತಿದ್ದರೇ ಎಂದು ಕೇಳಬೇಕು. ಫ್ರಾಂಟಿನಸ್‌ನ ಪುಸ್ತಕ ಓದಿದಮೇಲೆ ನನಗೆ ಇದು ಖಚಿತವಾಗಿದೆ.

ಅವನ ಕಾಲಕ್ಕೆ ರೋಮಿಗೆ ಒಂಬತ್ತು ಕಾಲುವೆಗಳು ನೀರು ತರುತ್ತಿದ್ದವು. ಮೊದಲನೆಯದು ಕ್ರಿ.ಪೂ. 312ರ ಆಪ್ಪಿಯಾ. ಚಿತ್ರಗಳಲ್ಲಿ ನಾವು ನೋಡುವ ಕಮಾನುಗಳ ಸಾಲು ಇವುಗಳ ಸಣ್ಣದೊಂದು ಭಾಗ ಮಾತ್ರ. ಕ್ರಿ.ಪೂ. 144ರಲ್ಲಿ ಶುರುವಾದ ಮಾರ್ಸಿಯಾ ಕಾಲುವೆಯ ಉದ್ದ ಸುಮಾರು 91 ಕಿಲೋಮೀಟರ್. ಅದರಲ್ಲಿ ಸುಮಾರು 80 ಕಿಲೋಮೀಟರ್ ನೆಲದಡಿಯಲ್ಲೇ ಸಾಗುತ್ತಿತ್ತು. ಪಂಪು ಇಲ್ಲ, ಯಂತ್ರ ಇಲ್ಲ. ಬೆಟ್ಟದ ಊಟೆಯಿಂದ ನಗರದ ತೊಟ್ಟಿಯವರೆಗೆ ಇಳಿಜಾರೊಂದೇ ನೀರನ್ನು ನಡೆಸಬೇಕು. ಎಲ್ಲಾದರೂ ಗಾರೆ ಬಿರುಕು ಬಿಟ್ಟರೆ, ಒಂದು ಮರದ ಬೇರು ಒಳನುಗ್ಗಿದರೆ, ಅಷ್ಟು ಉದ್ದದ ಶ್ರಮವೂ ವ್ಯರ್ಥ. ಅದಕ್ಕೇ ಕಾಲುವೆಯ ಎರಡೂ ಪಕ್ಕ ಹದಿನೈದು ಅಡಿ ಜಾಗದಲ್ಲಿ ಗಿಡಮರ, ಗೋರಿ, ಕಟ್ಟಡ ಏನೂ ಇರಕೂಡದೆಂದು ಕ್ರಿ.ಪೂ. 11ರಲ್ಲಿ ಸೆನೆಟ್ ನಿರ್ಣಯ ಮಾಡಿತು. ತಪ್ಪಿದರೆ ಹತ್ತು ಸಾವಿರ ಸೆಸ್ಟರ್ಸ್ ದಂಡ.

ಬೇರಿಗಿಂತ ಹಟಮಾರಿ ಶತ್ರು ಸುಣ್ಣ. ಸುಣ್ಣಕಲ್ಲಿನ ಬೆಟ್ಟದಿಂದ ಬರುವ ನೀರು ಹರಿದಲ್ಲೆಲ್ಲ ತೆಳುವಾಗಿ ಸುಣ್ಣ ಕಟ್ಟುತ್ತದೆ. ಬೋರ್‌ವೆಲ್ ನೀರು ಕಾಯಿಸುವ ಹಂಡೆಯ ತಳ ನೋಡಿದವರಿಗೆ ಇದನ್ನು ವಿವರಿಸಬೇಕಿಲ್ಲ. ವರ್ಷ ವರ್ಷವೂ ದಪ್ಪವಾಗುತ್ತಾ ಹೋಗಿ ಕಾಲುವೆಯ ಗಂಟಲನ್ನೇ ಹಿಸುಕುತ್ತದೆ. ಅದನ್ನು ಕೆರೆದು ತೆಗೆಯಲು ಮನುಷ್ಯ ಒಳಗಿಳಿಯಬೇಕು. ಅಷ್ಟು ದಿನ ನೀರು ನಿಲ್ಲಿಸಬೇಕು. ಗಾರೆ ಕೆಲಸಕ್ಕೆ ಏಪ್ರಿಲ್ ಒಂದರಿಂದ ನವೆಂಬರ್ ಒಂದರವರೆಗೆ ಸರಿಯಾದ ಕಾಲ, ಅದರಲ್ಲೂ ಕಡುಬೇಸಿಗೆಯಲ್ಲಿ ಬೇಡ, ಒಂದು ಸಲಕ್ಕೆ ಒಂದೇ ಕಾಲುವೆ ನಿಲ್ಲಿಸಿ, ಇಲ್ಲದಿದ್ದರೆ ಊರಿಗೆ ನೀರಿಲ್ಲದಂತಾಗುತ್ತದೆ ಎಂದು ಫ್ರಾಂಟಿನಸ್ ಬರೆಯುತ್ತಾನೆ. ಕೆಳಗಿನವರು ಹೇಳಿಕೊಟ್ಟಂತೆ ಅಧಿಕಾರ ನಡೆಸುವುದು ಮರ್ಯಾದಸ್ಥನಿಗೆ ನಾಚಿಕೆಗೇಡು ಎಂಬುದು ಅವನ ನಿಲುವು. ಈ ಪುಸ್ತಕವನ್ನೂ ಮೊದಲು ತಾನು ಕಲಿಯಲೆಂದೇ ಬರೆದುಕೊಂಡ.

ಹೆಮ್ಮೆ ಉಕ್ಕಿದ ಒಂದು ಕಡೆ ಅವನು ಕಾಲುವೆಗಳ ಪಕ್ಕ ಈಜಿಪ್ಟಿನ ಪಿರಮಿಡ್ಡುಗಳನ್ನೂ ಗ್ರೀಕರ ಹೆಸರಾಂತ ಕಟ್ಟಡಗಳನ್ನೂ ಇಟ್ಟು, ಅವು ಉಪಯೋಗಕ್ಕೆ ಬಾರದವು ಎನ್ನುತ್ತಾನೆ. ಗ್ರೀಕರಿಗೆ ಇದು ಅನ್ಯಾಯ. ಆದರೆ ಅವನ ಮಾತಿನ ಹಿಂದಿರುವ ಮನಸ್ಸು ನನಗೆ ಮುಖ್ಯವಾಗಿ ಕಾಣುತ್ತದೆ. ರೋಮಿನಲ್ಲಿ ದುರಸ್ತಿ ಎಂಬುದು ಸಣ್ಣವರಿಗೆ ಬಿಟ್ಟ ಸಣ್ಣ ಕೆಲಸವಾಗಿರಲಿಲ್ಲ. ಅಗಸ್ಟಸ್‌ನ ಬಲಗೈಯಾಗಿದ್ದ ಅಗ್ರಿಪ್ಪ ಕ್ರಿ.ಪೂ. 37ರಲ್ಲೇ ಕಾನ್ಸುಲ್ ಆಗಿದ್ದವನು. ನಾಲ್ಕು ವರ್ಷದ ಮೇಲೆ ತನ್ನ ಅಂತಸ್ತಿಗಿಂತ ಎಷ್ಟೋ ಕೆಳಗಿನ ನಗರಪಾಲಕನ ಹುದ್ದೆ ಹಿಡಿದು, ಹಳೆಯ ಕಾಲುವೆಗಳನ್ನು ಸರಿಮಾಡಿಸಿದ, ಚರಂಡಿಗಳನ್ನು ತೊಳೆಸಿದ, ಮಹಾ ಚರಂಡಿಯೊಳಗೆ ದೋಣಿಯಲ್ಲಿ ಕೂತು ಟೈಬರ್ ನದಿಯವರೆಗೆ ಹೋಗಿಬಂದ. ಅವನ ನಂತರವೂ ನೀರಿನ ಅಧಿಕಾರಿಯಾಗಿ ಕಾನ್ಸುಲ್ ಪದವಿ ಕಂಡವರನ್ನೇ ಇಡುವುದು ವಾಡಿಕೆಯಾಯಿತು.

ಇದಕ್ಕೆ ಕಲ್ಲಿನ ಸಾಕ್ಷಿಯೂ ಇದೆ. ರೋಮಿನ ಪೋರ್ಟಾ ಮಜ್ಜೋರೆ ಎಂಬ ಬಾಗಿಲ ಮೇಲೆ ಒಂದರ ಕೆಳಗೊಂದು ಮೂರು ಶಾಸನಗಳಿವೆ. ಮೇಲಿನದು ಕ್ಲಾಡಿಯಸ್ ಚಕ್ರವರ್ತಿಯದು, ಕ್ರಿ.ಶ. 52ರಲ್ಲಿ ಎರಡು ದೊಡ್ಡ ಕಾಲುವೆಗಳನ್ನು ಮುಗಿಸಿದ ಹೆಗ್ಗಳಿಕೆ. ಅದರ ಕೆಳಗೆ ವೆಸ್ಪಾಸಿಯನ್ ಬರೆಸಿದ್ದಾನೆ: ನೀರು ನಿಂತು ಒಂಬತ್ತು ವರ್ಷವಾಗಿತ್ತು, ಪಾಳುಬಿದ್ದಿದ್ದನ್ನು 71ರಲ್ಲಿ ಮತ್ತೆ ಹರಿಸಿದೆ ಎಂದು. ಅದಕ್ಕೂ ಕೆಳಗೆ, ಹತ್ತು ವರ್ಷದ ನಂತರ, ಅವನ ಮಗ ಟೈಟಸ್: ಮೂಲದಿಂದಲೇ ಶಿಥಿಲವಾಗಿದ್ದ ಕಾಲುವೆಯನ್ನು ತನ್ನ ಖರ್ಚಿನಲ್ಲಿ ಹೊಸದಾಗಿ ಮಾಡಿಸಿದೆ ಎಂದು. ಕಟ್ಟಿ ಮೂವತ್ತು ವರ್ಷವೂ ಆಗಿರಲಿಲ್ಲ. ಹಿಂದಿನವನ ಕೆಲಸ ಕೆಟ್ಟುಹೋಗಿತ್ತು ಎಂದು ಒಪ್ಪಿಕೊಳ್ಳುವುದಕ್ಕೆ ಅವರು ಹಿಂಜರಿಯಲಿಲ್ಲ. ಸರಿಮಾಡಿದ್ದು ಕಟ್ಟಿದ್ದಷ್ಟೇ ದೊಡ್ಡ ಅಕ್ಷರದಲ್ಲಿ ಕೊರೆಸಬೇಕಾದ ಕೀರ್ತಿ ಎಂದು ಚಕ್ರವರ್ತಿಗಳೇ ತಿಳಿದಿದ್ದರು. ಎಷ್ಟು ನಾಡುಗಳಲ್ಲಿ ಅರಸರು ಹೀಗೆ ಬರೆಸಿದ್ದಾರೆ?

ಇಷ್ಟಕ್ಕೇ ನಿಲ್ಲಿಸಿದರೆ ನಾನು ಅರ್ಧ ಸತ್ಯ ಹೇಳಿದಂತೆ. ಅಗ್ರಿಪ್ಪನೂ ಫ್ರಾಂಟಿನಸ್ಸೂ ಕೈಯಲ್ಲಿ ಉಳಿ ಹಿಡಿದು ಸುಣ್ಣ ಕೆರೆಯಲಿಲ್ಲ. ಆ ಕೆಲಸ ಗುಲಾಮರದ್ದು. ಅಗ್ರಿಪ್ಪ ಬಿಟ್ಟುಹೋದ ತಂಡದಲ್ಲಿ 240 ಜನ, ಕ್ಲಾಡಿಯಸ್ ಸೇರಿಸಿದ ತಂಡದಲ್ಲಿ 460, ಒಟ್ಟು 700. ನಮ್ಮ ಕೆರೆ ಬಯಲಿನ ನೀರುಗಂಟಿಯಂತೆ ತೊಟ್ಟಿ ಕಾಯುವವರು, ಕಾಲುವೆಯುದ್ದಕ್ಕೂ ನಡೆದು ನೋಡಿಬರುವವರು, ಕಲ್ಲುಹಾಸಿನವರು, ಗಾರೆಯವರು, ಇವರ ಮೇಲೆ ಮೇಸ್ತ್ರಿಗಳು. ಮೇಸ್ತ್ರಿಗಳು ಇವರನ್ನು ದೊಡ್ಡವರ ಮನೆಗೆಲಸಕ್ಕೆ ಕಳಿಸಿಬಿಡುತ್ತಿದ್ದರು. ಅದನ್ನು ತಪ್ಪಿಸಲು ಫ್ರಾಂಟಿನಸ್ ನಾಳೆಯ ಕೆಲಸವನ್ನು ಇವತ್ತೇ ಬರೆಸಿ, ದಿನದ ಕೊನೆಗೆ ಆದದ್ದನ್ನು ದಾಖಲು ಮಾಡಿಸುವ ಪದ್ಧತಿ ತಂದ. ಒಂದೊಂದು ಕಾಲುವೆಯನ್ನು ಯಾರು ಕಟ್ಟಿಸಿದರು, ಆ ವರ್ಷದ ಕಾನ್ಸುಲರು ಯಾರು ಎಂದು ಹೆಸರು ಹಿಡಿದು ಬರೆದವನು, ಈ ಏಳುನೂರು ಜನರ ವಿಷಯದಲ್ಲಿ ಎಣಿಕೆ ಕೊಟ್ಟು ಸುಮ್ಮನಾಗುತ್ತಾನೆ.

ಕೊಳವೆಗೆ ತೂತು ಕೊರೆದು ನೀರು ಮಾರಿಕೊಂಡವರೂ ಬಹುಪಾಲು ಇವರೇ. ರೋಮಿನ ಗುಲಾಮ ಕೈಯಲ್ಲಿ ನಾಲ್ಕು ಕಾಸು ಕೂಡಿಟ್ಟರೆ ಒಂದು ದಿನ ತನ್ನ ಬಿಡುಗಡೆಯನ್ನು ಕೊಂಡುಕೊಳ್ಳಬಹುದಿತ್ತು. ತನ್ನ ಮೈಯ ಮೇಲೂ ಹಕ್ಕಿಲ್ಲದವನು ಒಂದು ತೂತಿನ ನೀರು ಮಾರಿಕೊಂಡರೆ ಅವನನ್ನು ಕಳ್ಳ ಎನ್ನಲು ನನಗೆ ಬಾಯಿ ಬರುವುದಿಲ್ಲ. ರೋಮನ್ನರು ದುರಸ್ತಿಯ ಕೆಲಸಕ್ಕೆ ಮರ್ಯಾದೆ ಕೊಟ್ಟರು, ಆ ಕೆಲಸ ಮಾಡಿದ ಮನುಷ್ಯನಿಗೆ ಕೊಡಲಿಲ್ಲ. ಅವರ ನಾಗರಿಕತೆಯನ್ನು ಹೊಗಳುವ ಯಾರೂ ಈ ಮಾತನ್ನು ಬಿಟ್ಟು ಮುಂದೆ ಹೋಗಕೂಡದು. ನನ್ನ ವಾದ ಇದರಿಂದ ಬಿದ್ದುಹೋಗುತ್ತದೆಯೇ ಎಂದು ಯೋಚಿಸಿದ್ದೇನೆ. ಬೀಳುವುದಿಲ್ಲ, ಇನ್ನಷ್ಟು ಗಟ್ಟಿಯಾಗುತ್ತದೆ. ಹತ್ತು ಲಕ್ಷದ ಆಸುಪಾಸಿನ ಜನಸಂಖ್ಯೆಯ ಒಂದು ಊರು ಆ ಏಳುನೂರು ಜನರ ಕೈಯ ಮೇಲೆ ನಿಂತಿತ್ತು.

ನೀರೆಲ್ಲ ಸಿರಿವಂತರ ಮನೆಗೆ ಹೋಗುತ್ತಿತ್ತಲ್ಲ ಎಂದು ಕೇಳಬಹುದು. ಬಹಳಷ್ಟು ಹೋಗುತ್ತಿತ್ತು, ನಿಜ. ಮನೆಗೆ ಕೊಳವೆ ಹಾಕಿಸಿಕೊಳ್ಳಲು ಚಕ್ರವರ್ತಿಯ ಅಪ್ಪಣೆ ಬೇಕು. ಅದು ಬಡವನಿಗೆ ಎಲ್ಲಿ ಸಿಗಬೇಕು? ಆದರೂ ಊರಿನಲ್ಲಿ ಬಿಂದಿಗೆ ಹಿಡಿದು ಬಂದವರಿಗೆಲ್ಲ ನೀರು ಕೊಡುವ 591 ತೊಟ್ಟಿಗಳಿದ್ದವು. ಬೆಲೆ ಇಲ್ಲ. ಅವುಗಳಿಂದ ಉಕ್ಕಿದ ನೀರು ಚರಂಡಿ ತೊಳೆದುಕೊಂಡು ಹೋಗಬೇಕೆಂಬ ಕಟ್ಟುಪಾಡೂ ಇತ್ತು. ಮಾರ್ಸಿಯಾದಂಥ ಸಿಹಿನೀರು ಬಟ್ಟೆ ಒಗೆಯುವವರ ತೊಟ್ಟಿಗೆ ಹೋಗುತ್ತಿರುವುದನ್ನು ಕಂಡ ಫ್ರಾಂಟಿನಸ್ ಕಾಲುವೆಗಳನ್ನು ಬೇರೆಮಾಡಿಸಿ, ಕುಡಿಯಲು ಯಾವುದು, ತೋಟಕ್ಕೆ ಯಾವುದು ಎಂದು ವಿಂಗಡಿಸಿದ.

ನನ್ನ ಮಾತಿಗೆ ಇನ್ನೊಂದು ಆಧಾರ ಫ್ರಾನ್ಸಿನ ನೀಮ್ ಪಟ್ಟಣದಲ್ಲಿದೆ. ಅಲ್ಲಿಗೆ ನೀರು ತಂದ ಕಾಲುವೆ ಸುಮಾರು 50 ಕಿಲೋಮೀಟರ್. ಅದು ನದಿ ದಾಟುವಲ್ಲಿ ಮೂರು ಅಂತಸ್ತಿನ, 49 ಮೀಟರ್ ಎತ್ತರದ ಪೋನ್ ದ್ಯು ಗಾರ್ ಸೇತುವೆ ಇವತ್ತಿಗೂ ನಿಂತಿದೆ. ಪ್ರವಾಸಿಗಳು ಕೆಳಗಿನಿಂದ ಸೇತುವೆಯ ಫೋಟೋ ತೆಗೆದುಕೊಳ್ಳುತ್ತಾರೆ. ಕಥೆ ಇರುವುದು ಮೇಲಿನ ಕಾಲುವೆಯೊಳಗೆ. ಗೋಡೆಗಳ ಮೇಲೆ ಕಟ್ಟಿದ ಸುಣ್ಣ ಕೆಲವೆಡೆ ಅರ್ಧ ಮೀಟರಿನ ಹತ್ತಿರ ದಪ್ಪವಿದೆ. ಅಡ್ಡ ಕತ್ತರಿಸಿ ನೋಡಿದರೆ ಮರದ ಬಳೆಗಳಂತೆ ಪದರ ಪದರ. ಮೊದಲ ಕಾಲದ ಪದರಗಳು ನಯ, ಸ್ವಚ್ಛ. ಮೇಲಕ್ಕೆ ಬರಬರುತ್ತ ಮಣ್ಣು, ಬೇರು, ಕಸ ಬೆರೆತು ಒರಟಾಗುತ್ತವೆ. ಅಂದರೆ ನೀರು ಹರಿಯುತ್ತಲೇ ಇತ್ತು, ನೋಡಿಕೊಳ್ಳುವವರು ಕಡಿಮೆಯಾದರು. ಯಾವ ರಾಜನ ಪಟ್ಟಾಭಿಷೇಕವೂ ಸೋಲೂ ಆ ಪದರಗಳಲ್ಲಿಲ್ಲ. ಕಾಲುವೆ ನಿಂತಮೇಲೆ ಸುತ್ತಲಿನವರು ಆ ಸುಣ್ಣದ ಚಪ್ಪಡಿಗಳನ್ನೇ ಕಿತ್ತುಕೊಂಡು ಹೋಗಿ ಗೋಡೆ ಕಟ್ಟಿಕೊಂಡರು.

ಈಗ 476ಕ್ಕೆ ಬರೋಣ. ಚಕ್ರವರ್ತಿ ಹೋದ, ಒಡೊವಾಕರ್ ಬಂದ, ಅವನನ್ನು ಕೊಂದು ಗೋಥ್ ಅರಸ ಥಿಯೊಡೊರಿಕ್ ಬಂದ. ರೋಮಿನ ತೊಟ್ಟಿಗಳಲ್ಲಿ ನೀರು ಬೀಳುತ್ತಲೇ ಇತ್ತು. ಕಾಲುವೆಗಳಿಗೆಂದೇ ಒಬ್ಬ ಅಧಿಕಾರಿ ಇದ್ದ. ಆ ಆಡಳಿತದಲ್ಲಿ ದೊಡ್ಡ ಹುದ್ದೆಯಲ್ಲಿದ್ದ ಕ್ಯಾಸಿಯೊಡೋರಸ್ ಅಂಥ ಅಧಿಕಾರಿಗೆ ಕೊಡುವ ನೇಮಕಪತ್ರದ ಮಾದರಿಯನ್ನು ಬರೆದಿಟ್ಟಿದ್ದಾನೆ. ಕಾಲುವೆಯ ಪಕ್ಕ ಬೆಳೆಯುವ ಮರಗಳನ್ನು ಬೇರುಸಹಿತ ತೆಗೆಸಬೇಕು, ಅವು ಗೋಡೆಯನ್ನು ಒಡೆಯುತ್ತವೆ ಎಂಬ ಎಚ್ಚರಿಕೆ ಅದರಲ್ಲಿದೆ. ಸೆನೆಟ್ಟಿನ ನಿರ್ಣಯವಾಗಿ ಐನೂರು ವರ್ಷ ಕಳೆದಿತ್ತು, ಆಳುವ ಜನ ಬೇರೆ, ಧರ್ಮ ಬೇರೆ. ಮರದ ಬೇರಿನ ಮೇಲಿನ ಕಣ್ಣು ಮಾತ್ರ ಅದೇ. ಈ ಪತ್ರ ಬರೆಯುವವನು ಇರುವವರೆಗೆ ರೋಮ್ ಮುಗಿದಿತ್ತು ಎಂದು ನಾನು ಒಪ್ಪಲಾರೆ.

ಮುಗಿದದ್ದು ನಂತರ. ಕಾನ್‌ಸ್ಟಾಂಟಿನೋಪಲ್‌ನಿಂದ ಪೂರ್ವ ರೋಮಿನ ಚಕ್ರವರ್ತಿ ಜಸ್ಟಿನಿಯನ್ ಇಟಲಿಯನ್ನು ಮರಳಿ ಗೆಲ್ಲಲು ಸೈನ್ಯ ಕಳಿಸಿದ. ಸೇನಾಪತಿ ಬೆಲಿಸಾರಿಯಸ್ 536ರಲ್ಲಿ ನೇಪಲ್ಸ್ ಕೋಟೆಯೊಳಗೆ ಸೈನಿಕರನ್ನು ನುಗ್ಗಿಸಿದ್ದೇ ಒಂದು ಕಾಲುವೆಯ ಮೂಲಕ. ಮರುವರ್ಷ ರೋಮಿನಲ್ಲಿ ಅವನು ಮುತ್ತಿಗೆಗೆ ಸಿಕ್ಕಿದ. ಗೋಥರು ಕಾಲುವೆಗಳನ್ನು ಕಡಿದರು. ಅದೇ ದಾರಿಯಲ್ಲಿ ಶತ್ರು ಒಳಬರದಿರಲೆಂದು ಬೆಲಿಸಾರಿಯಸ್ ಅವುಗಳ ಬಾಯಿಗೆ ಗೋಡೆ ಕಟ್ಟಿಸಿದ. ಜನಿಕುಲಂ ಗುಡ್ಡದಲ್ಲಿ ಕಾಲುವೆಯ ನೀರಿನಿಂದ ತಿರುಗುತ್ತಿದ್ದ ಬೀಸುವ ಗಿರಣಿಗಳು ನಿಂತವು. ಟೈಬರ್ ನದಿಯಲ್ಲಿ ಜೋಡಿ ದೋಣಿಗಳ ನಡುವೆ ಚಕ್ರ ಕಟ್ಟಿ ಹಿಟ್ಟು ಬೀಸಿದರು.

ಇದು ಯುದ್ಧದ ಹಾನಿ, ದುರಸ್ತಿಗೂ ಇದಕ್ಕೂ ಏನು ಸಂಬಂಧ ಎನ್ನಬಹುದು. ಕಾಲುವೆ ಕಡಿಯಲು ಒಂದು ದಿನ ಸಾಕು, ನಿಜ. ಆದರೆ ವೆಸ್ಪಾಸಿಯನ್‌ಗೂ ಮುಂಚೆ ಒಂಬತ್ತು ವರ್ಷ ನೀರು ನಿಂತಿತ್ತಲ್ಲ. ಆಗ ಯಾರೋ ಬಂದರು: ಹಣ ಇತ್ತು, ಗಾರೆಯವರಿದ್ದರು, ಇಳಿಜಾರಿನ ಲೆಕ್ಕ ತಿಳಿದವರಿದ್ದರು. ಈ ಸಲ ಯುದ್ಧ ಹದಿನೆಂಟು ವರ್ಷಕ್ಕೂ ಮೀರಿ ನಡೆಯಿತು, ನಡುವೆ ಪ್ಲೇಗು ಬಂತು, ಊರು ಬರಿದಾಯಿತು. ಕೆಲವು ಕಾಲುವೆಗಳಿಗೆ ತೇಪೆ ಬಿತ್ತು, ಉಳಿದವಕ್ಕೆ ಅದೂ ಇಲ್ಲ. ಹತ್ತು ಲಕ್ಷದ ಆಸುಪಾಸಿನಲ್ಲಿದ್ದ ಜನ ಕೆಲವು ಹತ್ತು ಸಾವಿರಕ್ಕೆ ಇಳಿದರು. ಎತ್ತರದ ಗುಡ್ಡಗಳನ್ನು ಬಿಟ್ಟು, ಬಾವಿನೀರು ನದಿನೀರು ಸಿಗುವ ಟೈಬರಿನ ತಿರುವಿಗೆ ಬಂದು ಸೇರಿದರು.

ಒಂದು ಕಾಲುವೆ ಮಾತ್ರ ಪೂರ್ತಿ ಸಾಯಲಿಲ್ಲ. ಕ್ರಿ.ಪೂ. 19ರಲ್ಲಿ ಅಗ್ರಿಪ್ಪ ಕಟ್ಟಿಸಿದ ವಿರ್ಗೋ ಬಹುಪಾಲು ನೆಲದಡಿಯದು. ಮುತ್ತಿಗೆಯ ಸಮಯದಲ್ಲಿ ಕೆಲವು ಗೋಥರು ಪಂಜು ಹಿಡಿದು ಅದರೊಳಗೆ ನುಸುಳಿ ಪಿಂಚೋ ಗುಡ್ಡದ ತನಕ ಬಂದಿದ್ದರು. ಗೋಡೆ ಅಡ್ಡ ಬಂದಾಗ ಅದರ ಒಂದು ಕಲ್ಲು ಕಿತ್ತುಕೊಂಡು ಹಿಂದಿರುಗಿದರು. ಬಿರುಕಿನಲ್ಲಿ ಬೆಳಕು ಮಿನುಗಿದ್ದನ್ನು ಮೇಲೆ ಕಾವಲಿದ್ದ ಸೈನಿಕನೊಬ್ಬ ಕಂಡ. ಜೊತೆಗಾರರು ತೋಳದ ಕಣ್ಣಿರಬೇಕು ಎಂದರಂತೆ. ಎಂಟನೆಯ ಶತಮಾನದಲ್ಲಿ ಪೋಪ್ ಒಂದನೆಯ ಏಡ್ರಿಯನ್ ಆ ಕಾಲುವೆಯನ್ನು ಸರಿಮಾಡಿಸಿದ, ಹದಿನೈದನೆಯ ಶತಮಾನದಲ್ಲಿ ಐದನೆಯ ನಿಕೊಲಾಸ್ ಮತ್ತೆ ಮಾಡಿಸಿದ. 1762ರಲ್ಲಿ ಪೂರ್ತಿಯಾದ ಟ್ರೆವಿ ಕಾರಂಜಿಗೆ ಬೀಳುವ ನೀರು ಅದರದೇ. ಪಿಂಚೋ ಗುಡ್ಡದ ಹತ್ತಿರ ಸುರುಳಿ ಮೆಟ್ಟಿಲೊಂದು ನೆಲದಡಿಗೆ ಇಳಿಯುತ್ತದೆ, ಕೊನೆಯ ಮೆಟ್ಟಿಲ ಬುಡದಲ್ಲಿ ಕಾಲುವೆ. ಅದನ್ನು ನೋಡಿಕೊಳ್ಳುವವರು ಆ ಮೆಟ್ಟಿಲು ಇಳಿದೇ ಒಳಗೆ ಹೋಗುತ್ತಾರೆ.