ಬಣಕಲ್ ಸೀಮೆಯಲ್ಲಿ ಭೂಕಂಪದ ಮಾತೇಕೆ?

ರೈತ ಬಾಂಧವರೇ, ಬಣಕಲ್, ಕೊಟ್ಟಿಗೆಹಾರದ ಕಡೆ ಭೂಕಂಪದ ಮಾತೆತ್ತಿದರೆ ನೀವು ನಗುತ್ತೀರಿ. ‘ಮಳೆಯ ಕಾಟ, ಆನೆಯ ಕಾಟವೇ ಸಾಕಾಗಿದೆ, ಇದೊಂದು ಹೊಸತೇ?’ ಎನ್ನುತ್ತೀರಿ. ಮಾತು ತಪ್ಪಲ್ಲ. ನಮ್ಮದು ಹಿಮಾಲಯದ ಹಾಗಲ್ಲ, ಅಪಾಯ ಕಡಿಮೆಯೆಂದೇ ಎಣಿಸುತ್ತಾ ಬಂದ ಸೀಮೆ. ಆದರೆ ಕಡಿಮೆ ಎಂದರೆ ಇಲ್ಲವೇ ಇಲ್ಲ ಎಂದಲ್ಲ.

ಮಹಾರಾಷ್ಟ್ರದ ಕಿಲ್ಲಾರಿಯವರೂ ಹೀಗೇ ನಂಬಿದ್ದರು. ನಮ್ಮ ಬೀದರ್, ಕಲಬುರಗಿಗೆ ಸಮೀಪದ ಆ ಊರು ಅಂದಿನ ನಕ್ಷೆಯಲ್ಲಿ ಅತಿ ಕಡಿಮೆ ಅಪಾಯದ ವಲಯದಲ್ಲಿತ್ತು. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ, ಗಣಪತಿ ಬಿಟ್ಟು ಬಂದು ಜನ ಮಲಗಿದ್ದಾಗ ಭೂಮಿ ನಡುಗಿತು. ಸತ್ತವರು 8ರಿಂದ 10 ಸಾವಿರ. ಮುಂದೆ 2002ರಲ್ಲಿ ನಕ್ಷೆಯಿಂದ ಆ ಒಂದನೇ ವಲಯವನ್ನೇ ತೆಗೆದುಹಾಕಿದರು. ನಮ್ಮದೇ ಸಹ್ಯಾದ್ರಿ ಸಾಲಿನ ಕೊಯ್ನಾದಲ್ಲೂ 1967ರಲ್ಲಿ ನೂರಕ್ಕೂ ಹೆಚ್ಚು ಜನ ಪ್ರಾಣ ಕಳೆದುಕೊಂಡರು. 2022ರ ಜೂನ್‌ನಲ್ಲಿ ಕೊಡಗಿನ ಚೆಂಬು, ಸುಳ್ಯದ ಸಂಪಾಜೆ ಕಡೆ ನೆಲ ಸದ್ದು ಮಾಡಿ ನಡುಗಿದ್ದು ನಿಮಗೆ ನೆನಪಿರಬಹುದು. ಅದು ಸಣ್ಣದು, ಆದರೂ ಜನ ಹೆದರಿ ಹೊರಗೆ ಓಡಿದರು.

ಕಿಲ್ಲಾರಿಯಲ್ಲಿ ಜನರನ್ನು ಕೊಂದದ್ದು ಭೂಮಿಯಲ್ಲ, ಗೋಡೆ. ಕೆಸರುಮಣ್ಣಿನಲ್ಲಿ ಕಾಡುಕಲ್ಲು ಜೋಡಿಸಿದ ದಪ್ಪ ಗೋಡೆ, ಅದರ ಮೇಲೆ ಭಾರದ ಮಣ್ಣಿನ ಮಾಳಿಗೆ. ಗೋಡೆಯ ಒಳಮೈ ಹೊರಮೈಗಳನ್ನು ಹಿಡಿದಿಡುವ ಕಲ್ಲಿರಲಿಲ್ಲ. ನಡುಗಿದಾಗ ಎರಡೂ ಬೇರ್ಪಟ್ಟು ಕುಸಿದವು. ನಿಮ್ಮ ಹಳೆಯ ಮನೆಯ ಗೋಡೆಯನ್ನೊಮ್ಮೆ ನೋಡಿ. ನಮ್ಮಲ್ಲಿ ಹೆಂಚಿನ ಮಾಡು ಹಗುರ, ಅದು ನಮ್ಮ ಪುಣ್ಯ. ಗೋಡೆ ಮಾತ್ರ ಹಲವು ಕಡೆ ಅದೇ ಜಾತಿಯದು.

ಹೊಸದಾಗಿ ಕಲ್ಲುಗೋಡೆ ಕಟ್ಟುವವರು ಮೇಸ್ತ್ರಿಗೆ ಎರಡು ಮಾತು ಹೇಳಿ. ಗೋಡೆಯ ಇಡೀ ದಪ್ಪಕ್ಕೆ ಹಾಯುವ ಉದ್ದನೆಯ ಕಲ್ಲನ್ನು ಎತ್ತರದಲ್ಲಿ 2 ಅಡಿಗೊಂದು, ಉದ್ದದಲ್ಲಿ 4 ಅಡಿಗೊಂದು ಇಡಬೇಕು. ಬಾಗಿಲು ಕಿಟಕಿಗಳ ಮೇಲ್ಮಟ್ಟದಲ್ಲಿ ಕಬ್ಬಿಣ ಹಾಕಿದ ಕಾಂಕ್ರೀಟ್ ಪಟ್ಟಿ ಎಲ್ಲ ಗೋಡೆಗಳನ್ನೂ ಕಡಿಯದೆ ಸುತ್ತಬೇಕು. ಹೊರೆಗೆ ಹಗ್ಗ ಬಿಗಿದ ಹಾಗೆ ಅದು ಮನೆಯನ್ನು ಹಿಡಿಯುತ್ತದೆ.

ಹಳೆಯ ಮನೆಯಲ್ಲಿರುವವರಿಗೆ ಒಂದು ಭಾನುವಾರದ ಕೆಲಸ ಸಾಕು. ಮಲಗುವ ಕಡೆ ಅಟ್ಟದ ಮೇಲೆ ಹಂಡೆ, ಮೆಣಸಿನ ಮೂಟೆ ಇದ್ದರೆ ಕೆಳಗಿಳಿಸಿ. ಬೀರುವನ್ನು ಗೋಡೆಗೆ ಬಿಗಿಯಿರಿ. ಒಡೆದ ಹೆಂಚು, ಗೆದ್ದಲು ಹಿಡಿದ ಪಕಾಸು ಬದಲಿಸಿ. ಗ್ಯಾಸಿನ ರೆಗ್ಯುಲೇಟರು, ಕರೆಂಟಿನ ಮೇನ್ ಸ್ವಿಚ್ಚು ಆರಿಸುವುದನ್ನು ಮನೆಯ ಹೆಂಗಸರು, ಮಕ್ಕಳು ಎಲ್ಲರಿಗೂ ಕಲಿಸಿ. ಟಾರ್ಚು, ಔಷಧಿ, ಪಹಣಿ, ಪಾಸ್‌ಬುಕ್ಕು ಒಂದೇ ಚೀಲದಲ್ಲಿರಲಿ. ನೆಲ ನಡುಗಿದರೆ ಗಟ್ಟಿ ಮೇಜು ಮಂಚದಡಿ ಸೇರಿ ತಲೆ ಕಾಪಾಡಿಕೊಳ್ಳಿ. ಬಾಗಿಲ ಬಳಿಯೇ ಇದ್ದರೆ ಮಾತ್ರ ಅಂಗಳಕ್ಕೆ ಹೋಗಿ. ಸೂರಿನಡಿ ನಿಲ್ಲಬೇಡಿ, ಹೆಂಚು ಬೀಳುತ್ತದೆ. ಆಮೇಲೆ ಎಲ್ಲರೂ ಕಾಫಿ ಕಣದಲ್ಲಿ ಸೇರುವುದೆಂದು ಈಗಲೇ ಮಾತಾಡಿಕೊಳ್ಳಿ. ‘ಇಂಥ ದಿನ ಇಂಥ ಹೊತ್ತಿಗೆ ನಡುಗುತ್ತದೆ’ ಎಂಬ ಸುದ್ದಿಯನ್ನು ನಂಬಬೇಡಿ. ಭೂಕಂಪದ ಗಳಿಗೆ ಹೇಳಬಲ್ಲವರು ಯಾರೂ ಇಲ್ಲ.

‘ಬಾರದ ಭೂಕಂಪಕ್ಕೆ ಇಷ್ಟು ಶ್ರಮವೇಕೆ?’ ಎಂದೀರಿ. 2019ರ ಆಗಸ್ಟ್ ಮಳೆಯನ್ನು ನೆನೆಯಿರಿ. ಮಲೆಮನೆಯಲ್ಲಿ ಗುಡ್ಡ ಜಾರಿ ಮನೆಗಳು ಹೋದವು, ಚಾರ್ಮಾಡಿ ಘಾಟಿ ಮುಚ್ಚಿತು. ಧರೆ ಕುಸಿಯುವ ರಾತ್ರಿಯೂ ಬೇಕಾಗುವುದು ಅದೇ ಚೀಲ, ಅದೇ ಟಾರ್ಚು, 112 ಮತ್ತು 1077 ಎಂಬ ಅವೇ ಸಂಖ್ಯೆಗಳು. ಒಂದು ವ್ಯತ್ಯಾಸ ಮಾತ್ರ ಉಂಟು: ಆಗ ಕಣಕ್ಕಲ್ಲ, ಗುಡ್ಡದ ಬುಡ ಬಿಟ್ಟು ದೂರಕ್ಕೆ, ಅದೂ ಕುಸಿಯುವ ಮೊದಲೇ ಹೋಗಬೇಕು.

ಕೊನೆಗೆ ತೋಟದ ಮಾಲೀಕರಿಗೊಂದು ಮಾತು. ನಿಮ್ಮ ಮನೆಯ ಗೋಡೆಯನ್ನು ನೀವು ನೋಡಿಕೊಳ್ಳುತ್ತೀರಿ. ಲೈನಿನಲ್ಲಿ ಮಲಗುವ ಕೂಲಿಯವರಿಗೆ ತಮ್ಮ ಗೋಡೆಯನ್ನು ಭದ್ರಪಡಿಸುವ ಅಧಿಕಾರವೂ ಇಲ್ಲ, ಹಣವೂ ಇಲ್ಲ. ಅದು ನಿಮ್ಮ ಹೊಣೆ. ಈ ಬೇಸಿಗೆಯಲ್ಲಿ, ಮಳೆ ಹಿಡಿಯುವ ಮುನ್ನ, ಮೇಸ್ತ್ರಿಯನ್ನು ಕರೆದುಕೊಂಡು ಲೈನುಗಳನ್ನೊಮ್ಮೆ ಸುತ್ತಿ ಬನ್ನಿ. ಬಿರುಕು ಬಿಟ್ಟ ಗೋಡೆ ಯಾವುದೆಂದು ಅಲ್ಲಿನವರೇ ತೋರಿಸುತ್ತಾರೆ.