ಕಾಡಿನ ಮಣ್ಣಿಗೆ ಖಾತೆ ಪುಸ್ತಕ ಬೇಡವೇ?

ಬೆಂಗಳೂರಿನ ಇಂದಿರಾನಗರದ ಹೋಟೆಲೊಂದರಲ್ಲಿ ಲೋಟ ತೊಳೆಯುವ ಕಾರ್ಮಿಕನಿಗೂ ಬಂಡೀಪುರದ ಕಾಡಿನ ಮಣ್ಣಿಗೂ ಏನು ಸಂಬಂಧ ಎಂದು ಕೇಳುವ ಮಹಾಶಯರಿದ್ದಾರೆ. ಸಂಬಂಧವಿದೆ. ಆ ಕಾಡಿನ ನೀರು ಕಬಿನಿಗೆ ಇಳಿಯುತ್ತದೆ. ಕಬಿನಿ ತಿರುಮಕೂಡಲು ನರಸೀಪುರದಲ್ಲಿ ಕಾವೇರಿಯನ್ನು ಕೂಡುತ್ತದೆ. ಅಲ್ಲಿಂದ ಕೆಳಗೆ ಎತ್ತಿದ ನೀರೇ ತೊರೆಕಾಡನಹಳ್ಳಿಯಲ್ಲಿ ಶುದ್ಧಿಯಾಗಿ, 1974ರಿಂದ ರಾಜಧಾನಿಯ ನಲ್ಲಿಗಳಿಗೆ ಬರುತ್ತಿದೆ. 2024ರ ಬೇಸಿಗೆಯಲ್ಲಿ ಟ್ಯಾಂಕರಿನ ಮುಂದೆ ಕೊಡ ಹಿಡಿದು ನಿಂತವರಿಗೆ ಈ ಪಾಠವನ್ನು ಬಿಡಿಸಿ ಹೇಳಬೇಕಾಗಿಲ್ಲ.

ಬಂಡೀಪುರದ ಮೂಲೆಹೊಳೆಯಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯವರೂ ಫ್ರಾನ್ಸಿನ ವಿಜ್ಞಾನಿಗಳೂ ಕೂಡಿ 2003ರಲ್ಲಿ ಒಂದು ಲೆಕ್ಕ ಆರಂಭಿಸಿದರು. ಸುಮಾರು 4 ಚದರ ಕಿಲೋಮೀಟರ್ ಕಾಡು. ಮಳೆ ತಂದದ್ದೇನು, ಹಳ್ಳ ಒಯ್ದದ್ದೇನು, ಬಂಡೆ ಕರಗಿ ಮಣ್ಣಿಗೆ ಕೊಟ್ಟದ್ದೇನು, ಮರ ಹೀರಿ ತರಗೆಲೆಯಲ್ಲಿ ಹಿಂತಿರುಗಿಸಿದ್ದೇನು ಎಂಬ ಜಮಾ ಖರ್ಚು ಅದು. ಮಳೆಯಲ್ಲಿ ಬಂದ ಕ್ಲೋರೈಡು ಅಂತರ್ಜಲದಲ್ಲಿ ಎಷ್ಟು ಗಟ್ಟಿಯಾಗಿದೆ ಎಂದು ಅಳೆದರೆ, ಮಳೆಯ ಎಷ್ಟು ಪಾಲು ನೆಲಕ್ಕಿಳಿಯಿತೆಂದು ತಿಳಿಯುತ್ತದೆ. ಅಲ್ಲಿ ವರ್ಷಕ್ಕೆ ಸುಮಾರು 1,100 ಮಿಲಿಮೀಟರ್ ಮಳೆ. ಬಹುಪಾಲನ್ನು ಮರಗಳು ಆಕಾಶಕ್ಕೇ ಹಿಂತಿರುಗಿಸುತ್ತವೆ, ಅಂತರ್ಜಲಕ್ಕೆ ಸಿಗುವುದು ಚೂರುಪಾರು. ಒಂದು ವರ್ಷದ ಅಂಕಿ ನೋಡಿ ತೀರ್ಪು ಕೊಡುವವನು, ಹಬ್ಬದ ವಾರದ ವ್ಯಾಪಾರ ನೋಡಿ ಅಂಗಡಿಗೆ ಬೆಲೆ ಕಟ್ಟುವವನಂತೆ.

ಅಮೆರಿಕದ ಹಬ್ಬರ್ಡ್ ಬ್ರೂಕ್ ಕಾಡಿನಲ್ಲಿ ಇಂಥ ಲೆಕ್ಕ 1963ರಿಂದ ನಡೆದಿದೆ. ಕಾರ್ಖಾನೆಗಳ ಹೊಗೆಯಿಂದ ಮಳೆ ಹುಳಿಯಾಗಿ, ಮಣ್ಣಿನ ಕ್ಯಾಲ್ಸಿಯಂ ತೊಳೆದು ಹೋದದ್ದು ದಶಕಗಳ ಅಂಕಿಗಳಿಂದ ಗೊತ್ತಾಯಿತು. 1990ರ ಕಾನೂನು ಹೊಗೆಯನ್ನು ತಗ್ಗಿಸಿತು. ಆದರೆ ಹಳ್ಳದ ನೀರು ಬೇಗ ಸುಧಾರಿಸಲಿಲ್ಲ. ಬಂಡವಾಳವೇ ಕರಗಿತ್ತು. ಮೂರು ವರ್ಷ ಅಳೆದು ಗಂಟು ಕಟ್ಟಿದ್ದರೆ ಈ ಸತ್ಯ ಯಾರಿಗೂ ಕಾಣುತ್ತಿರಲಿಲ್ಲ.

ನಮ್ಮ ಸರ್ಕಾರಗಳ ಲೆಕ್ಕ ಯಾವುದು? ಉಪಗ್ರಹದ ಚಿತ್ರದಲ್ಲಿ ಒಂದು ಹೆಕ್ಟೇರಿನಷ್ಟು ನೆಲದಲ್ಲಿ ಶೇಕಡಾ 10ರಷ್ಟು ಮರದ ನೆರಳು ಕಂಡರೆ ಅದು ಅರಣ್ಯ ಹೊದಿಕೆ! ಹಣ್ಣಿನ ತೋಟವೂ ಅದರಲ್ಲಿ ಸೇರುತ್ತದೆ, ನೀಲಗಿರಿ ತೋಪೂ ಸೇರುತ್ತದೆ. ಆ ಹಸಿರಿನ ಕೆಳಗೆ ಮಣ್ಣಿನ ಸತ್ವ ಇಳಿಯಿತೋ, ಹುಳಿ ಏರಿತೋ, ಆ ಅಂಕಿ ಹೇಳದು. ಅಂಗಡಿಯ ಬೋರ್ಡು ನೋಡಿ ಗಲ್ಲಾಪೆಟ್ಟಿಗೆ ತುಂಬಿದೆ ಎನ್ನುವ ಲೆಕ್ಕಪರಿಶೋಧಕನನ್ನು ಯಾವ ವ್ಯಾಪಾರಿ ನಂಬುತ್ತಾನೆ? ಬಾಯ್ಲರಿನ ಮಾಪಕ ತೆಗೆದು ಹೊರಗೋಡೆಗೆ ಬಣ್ಣ ಬಳಿದರೆ ಯಾವ ಗಿರಣಿ ಕಾರ್ಮಿಕ ಸುಮ್ಮನಿರುತ್ತಾನೆ?

ಒಂದು ಕಡೆ ಕಾಡು ಕಡಿದು ಇನ್ನೊಂದು ಕಡೆ ಸಸಿ ನೆಟ್ಟರೆ ಸಾಲ ತೀರಿತೆಂದು ಇವರು ಹೇಳುತ್ತಾರೆ. ಸಸಿಯನ್ನು ಲಾರಿಯಲ್ಲಿ ಸಾಗಿಸಬಹುದು. ಸಾವಿರಾರು ವರ್ಷ ಬಂಡೆ ಕರಗಿ ಆದ ಮಣ್ಣನ್ನು ಯಾವ ಕಂಟ್ರಾಕ್ಟರು ಸಾಗಿಸುತ್ತಾನೆ?

ನಮ್ಮ ಬೇಡಿಕೆ ಸ್ಪಷ್ಟ. ಮಲೆನಾಡಿನ ಮಳೆಕಾಡಿನಿಂದ ಬಯಲಿನ ಕುರುಚಲವರೆಗೆ ರಾಜ್ಯದ ಪ್ರತಿ ಬಗೆಯ ಕಾಡಿನಲ್ಲಿಯೂ ಕಾಯಂ ಮಾಪನ ಕ್ಷೇತ್ರಗಳಿರಲಿ. ಅದರ ಖರ್ಚು ರಾಜ್ಯದ ಬಜೆಟ್ಟಿನ ಕಾಯಂ ಬಾಬ್ತಾಗಲಿ; ನಮ್ಮ ನೆಲದ ಲೆಕ್ಕಕ್ಕೆ ಪರದೇಶದ ಹಣವನ್ನೇ ನೆಚ್ಚಿ ಕೂರುವುದು ಮರ್ಯಾದೆಯಲ್ಲ. ಮಳೆಯಲ್ಲಿ ನೆನೆದು ನೀರು, ಮಣ್ಣು ತುಂಬಿ ತರುವ ಸ್ಥಳೀಯರಿಗೆ ಕಾಯಂ ನೌಕರಿ ಸಿಗಲಿ. ಲೆಕ್ಕ ಪ್ರತಿ ವರ್ಷ ಕನ್ನಡದಲ್ಲಿ ಪ್ರಕಟವಾಗಲಿ.

ಓಟು ಕೇಳಲು ಬರುವವರನ್ನು ಬಾಗಿಲಲ್ಲೇ ನಿಲ್ಲಿಸಿ ಕೇಳಿರಿ: ನೆಟ್ಟ ಸಸಿಗಳ ಲೆಕ್ಕ ಹಾಗಿರಲಿ ಸ್ವಾಮಿ, ಮಣ್ಣಿನ ಲೆಕ್ಕ ಎಲ್ಲಿ?